ಬಂದೂಕು, ನಳಿಗೆ, ತೋಟಾ ಎರವಲು ಕೊಡಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕೊಪ್ಪಳ ಸೀಮೆಯಲ್ಲಿ ಎರವಲು ಅನ್ನೋದು ದಿನದ ಮಾತು. ಕೂರಿಗೆ, ಎತ್ತು, ಪಂಪು, ಟ್ರೇಲರ್ ಎಲ್ಲವೂ ಮನೆಯಿಂದ ಮನೆಗೆ ಓಡಾಡುತ್ತವೆ. ಬಿತ್ತನೆಗೆ ಮುಯ್ಯಾಳು ಬರುತ್ತಾರೆ, ಮುಂದಿನ ವಾರ ನಾವು ಅವರ ಹೊಲಕ್ಕೆ ಹೋಗುತ್ತೇವೆ. ಇದೇ ರೂಢಿಯಲ್ಲಿ ಕೆಲವು ಊರುಗಳಲ್ಲಿ ಬಂದೂಕೂ ಓಡಾಡುತ್ತದೆ. ಮೆಕ್ಕೆಜೋಳ ಹಾಲು ತುಂಬುವಾಗ, ಶೇಂಗಾ ಕಾಯಿ ಕಟ್ಟುವಾಗ ಹಂದಿ ಹಿಂಡು ಇಳಿಯುತ್ತದೆ. ಆಗ ಲೈಸೆನ್ಸ್ ಇದ್ದವರ ಬಾಗಿಲಿಗೆ ಯಾರಾದರೂ ಬಂದೇ ಬರುತ್ತಾರೆ. "ಒಂದ್ ರಾತ್ರಿ ಕೊಡ್ರಿ ಕಾಕಾ, ಮುಂಜಾನೆ ತಂದು ಕೊಡ್ತೀನಿ."

ನಮ್ಮಪ್ಪ ಹಾಗೆ ಒಮ್ಮೆ ಕೊಟ್ಟರು. ಅದರಿಂದ ಏನಾಯಿತು ಅನ್ನೋದನ್ನು ಕೆಳಗೆ ಹೇಳಿದ್ದೇನೆ. ಅವತ್ತಿನಿಂದ ಈ ಕಾಯ್ದೆಯನ್ನು ನಾನು ಕೂತು ಓದಿದ್ದೇನೆ, ನೆಂಟರು, ಊರವರು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾ ಬಂದಿದ್ದೇನೆ. ಅವೇ ಪ್ರಶ್ನೆಗಳು ಇಲ್ಲಿವೆ. ಕೇಸು ಆಗಲೇ ಬಿದ್ದಿದ್ದರೆ ಮಾತ್ರ ಇದನ್ನು ಓದುತ್ತಾ ಕೂರಬೇಡಿ, ಮೊದಲು ವಕೀಲರ ಹತ್ತಿರ ಹೋಗಿ.

ನಾನು ಮಾರಿಲ್ಲ, ಬಾಡಿಗೆಗೂ ಕೊಟ್ಟಿಲ್ಲ. ಒಂದೇ ರಾತ್ರಿಗೆ ಕೊಟ್ಟರೆ ತಪ್ಪೇನು?

ಜನ ಜಾಸ್ತಿ ಎಡವುವುದು ಇಲ್ಲೇ. ನಮ್ಮ ದೇಶದ ಬಂದೂಕು ಕಾನೂನು ಅಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ ಜೊತೆಗೆ 2016ರ ಶಸ್ತ್ರಾಸ್ತ್ರ ನಿಯಮಗಳು. ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ 'ವರ್ಗಾವಣೆ' ಅಂದರೆ ಏನು ಅಂತ ಬರೆದಿದ್ದಾರೆ. ಬಾಡಿಗೆಗೆ ಕೊಡುವುದು, ಎರವಲು ಕೊಡುವುದು, ಸುಮ್ನೆ ಕೊಡುವುದು, ಕೈಯಿಂದ ಬಿಟ್ಟುಕೊಡುವುದು ಎಲ್ಲವೂ ಅದರಲ್ಲಿ ಬರುತ್ತವೆ. ಎರವಲು ಅನ್ನುವ ಮಾತನ್ನೇ ಬರೆದಿದ್ದಾರೆ ನೋಡಿ. ಒಂದು ರಾತ್ರಿ, ಒಂದು ತಾಸು ಅನ್ನುವ ರಿಯಾಯಿತಿ ಎಲ್ಲೂ ಇಲ್ಲ. ಕಾಸು ತಗೊಂಡಿಲ್ಲ ಅನ್ನೋದೂ ಲೆಕ್ಕಕ್ಕೆ ಬರುವುದಿಲ್ಲ.

ಲೈಸೆನ್ಸ್ ಇರುವುದು ಮನುಷ್ಯನ ಹೆಸರಿಗೆ. 'ಬಂದೂಕಿಗೆ ಲೈಸೆನ್ಸ್ ಇದೆ' ಅಂತ ನಾವು ಮಾತಿಗೆ ಅಂದುಬಿಡುತ್ತೇವೆ. ಹಾಗೆ ಅಂದು ಅಂದೇ ಆ ಬಂದೂಕನ್ನು ಯಾರು ಹಿಡಿದರೂ ನಡೆಯುತ್ತದೆ ಅನ್ನುವ ನಂಬಿಕೆ ಬೆಳೆದುಬಿಟ್ಟಿದೆ.

ಪಕ್ಕದ ಹೊಲದವರ ಹತ್ತಿರವೂ ಲೈಸೆನ್ಸ್ ಇದೆ. ಅವರಿಗೆ ಕೊಡಬಹುದಲ್ವಾ?

ನೇರವಾಗಿ ಕೊಡುವಂತಿಲ್ಲ. ಲೈಸೆನ್ಸ್ ಇದ್ದವರಿಂದ ಲೈಸೆನ್ಸ್ ಇದ್ದವರಿಗೆ ಹೋಗಬೇಕಾದರೂ 5ನೇ ಸೆಕ್ಷನ್‌ನಲ್ಲಿ ಒಂದು ದಾರಿ ಹೇಳಿದ್ದಾರೆ. ಯಾರಿಗೆ ಕೊಡುತ್ತೀರಿ, ಅವರ ಹೆಸರು, ವಿಳಾಸ ಏನು ಅಂತ ಜಿಲ್ಲಾಧಿಕಾರಿಗೆ ಇಲ್ಲವೇ ಹತ್ತಿರದ ಠಾಣೆಗೆ ಬರೆದುಕೊಡಬೇಕು. ಅದಾಗಿ 45 ದಿನ ಕಳೆಯಬೇಕು. ಆಮೇಲೆಯೇ ಬಂದೂಕು ಕೈ ಬದಲಾಗಬೇಕು. 45 ದಿನದಲ್ಲಿ ಮೆಕ್ಕೆಜೋಳ ರಾಶಿಗೇ ಬಂದಿರುತ್ತದೆ. ಅಂದರೆ ಹಂಗಾಮಿಗೆ ಎರವಲು ಅನ್ನುವ ಮಾತೇ ಉಳಿಯುವುದಿಲ್ಲ.

ಇನ್ನೊಂದು ತೊಡಕಿದೆ. ಅವರ ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವುದು ಅವರ ಬಂದೂಕಿನ ನಂಬರು. ನಿಮ್ಮದು ಅದರಲ್ಲಿ ಇರುವುದಿಲ್ಲ. ನಂಬರು ಹೊಂದದ ಬಂದೂಕು ಕೈಯಲ್ಲಿದ್ದರೆ ಆ ಪುಸ್ತಕ ಅವರನ್ನು ಕಾಯುವುದಿಲ್ಲ.

ಒಂದು ಡಬ್ಬಿ ತೋಟಾ ಕೈಗಡ ಕೊಡುವುದಕ್ಕೂ ಇದೇ ಮಾತು. ಕಾಯ್ದೆ ಬಂದೂಕು, ಮದ್ದುಗುಂಡು ಎರಡನ್ನೂ ಜೊತೆಯಲ್ಲೇ ಹೇಳುತ್ತದೆ.

ಸಿಕ್ಕಿಬಿದ್ದರೆ ಶಿಕ್ಷೆ ಎಷ್ಟು?

ಕೊಟ್ಟವರಿಗೂ ಇದೆ, ತಗೊಂಡವರಿಗೂ ಇದೆ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡವರಿಗೆ 25ನೇ ಸೆಕ್ಷನ್ ಪ್ರಕಾರ 2 ವರ್ಷದಿಂದ 5 ವರ್ಷ ಜೈಲು, ಜೊತೆಗೆ ದಂಡ. 2019ರ ತಿದ್ದುಪಡಿಗೆ ಮೊದಲು ಇದು 1ರಿಂದ 3 ವರ್ಷ ಇತ್ತು.

ಕೊಟ್ಟವರ ಮೇಲೆ 29ನೇ ಸೆಕ್ಷನ್ ಹಾಕಬಹುದು. ಎದುರಿನವರಿಗೆ ಹಕ್ಕಿದೆಯೋ ಇಲ್ಲವೋ ಅಂತ ಮೊದಲು ಖಾತ್ರಿ ಮಾಡಿಕೊಳ್ಳದೆ ಬಂದೂಕು ಒಪ್ಪಿಸಿದ್ದಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸ್ ಷರತ್ತು ಮುರಿದಿದ್ದಕ್ಕೆ 30ನೇ ಸೆಕ್ಷನ್: 6 ತಿಂಗಳು, ಇಲ್ಲವೇ 2,000 ರೂಪಾಯಿ, ಇಲ್ಲವೇ ಎರಡೂ. "ಐನೂರು ರೂಪಾಯಿ ತಾನೇ, ಕಟ್ಟಿದರಾಯ್ತು" ಅನ್ನುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಅನ್ನಬೇಡಿ. 5ನೇ ಸೆಕ್ಷನ್ ಮುರಿದು ವರ್ಗಾವಣೆ ಮಾಡಿದರೆ 25ನೇ ಸೆಕ್ಷನ್‌ನ ಮೊದಲ ಭಾಗದಲ್ಲಿ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಶಿಕ್ಷೆ ಇದೆ. ಎರವಲು ಕೂಡ ವರ್ಗಾವಣೆ ಅಂತ ಮೇಲೆ ಓದಿದಿರಲ್ಲ. ಎಫ್‌ಐಆರ್‌ನಲ್ಲಿ ಯಾವ ಸೆಕ್ಷನ್ ಬರೆಯುತ್ತಾರೆ ಅನ್ನೋದು ನಮ್ಮ ಕೈಯಲ್ಲಿಲ್ಲ.

ಅಪ್ಪನ ಕಥೆ ಹೀಗಾಯಿತು. ನಮ್ಮದು 12 ಬೋರಿನ ಒಂಟಿ ನಳಿಗೆ. ಪಕ್ಕದ ಮನೆಯವರು ಕೇಳಿದರು, ಅಪ್ಪ ಕೊಟ್ಟರು. ಬೆಳಗಿನ ಜಾವ ಅವರು ಬೈಕಿನಲ್ಲಿ ವಾಪಸ್ ತರುವಾಗ ರಸ್ತೆಯಲ್ಲಿ ತಪಾಸಣೆ ನಡೆದಿತ್ತು. ಇಬ್ಬರ ಮೇಲೂ ಕೇಸಾಯಿತು. ಅಪ್ಪನನ್ನು ದಂಡ ಹಾಕಿ ಬಿಟ್ಟರು, ಆದರೆ ಅಷ್ಟರಲ್ಲಿ ಮೂರು ವರ್ಷ ಹೋಗಿತ್ತು, ಲೈಸೆನ್ಸೂ ರದ್ದಾಗಿತ್ತು. ಒಂದು ವಾಯಿದೆಯ ದಿನ ಮುದ್ದೆಮಾಲು ಅಂತ ಆ ಬಂದೂಕನ್ನು ಕೋರ್ಟಿನ ಮೇಜಿನ ಮೇಲೆ ಇಟ್ಟರು. ಕುದುರೆಯ, ಅಂದರೆ ಗುಂಡು ಹಾರಿಸುವ ಕೀಲಿನ ಹತ್ತಿರ ಸೆಣಬಿನ ದಾರ, ದಾರದ ಗಂಟಿಗೆ ಅರಗಿನ ಮುದ್ರೆ, ರಟ್ಟಿನ ಚೀಟಿಯ ಮೇಲೆ ಕೇಸ್ ನಂಬರು. ಅಪ್ಪ ಪ್ರತಿ ಅಮಾವಾಸ್ಯೆ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದ ನಳಿಗೆ ಅದು. ಅದರ ಮೇಲೆ ಕೆಂಪು ತುಕ್ಕು ಎದ್ದಿತ್ತು. ಅವರು ನೋಡಿ ಮುಖ ತಿರುಗಿಸಿಕೊಂಡರು. ಪಕ್ಕದ ಮನೆಗೂ ನಮಗೂ ಮಾತು ನಿಂತು ಎಷ್ಟೋ ವರ್ಷವಾಯಿತು.

ಬಂದೂಕು ಕೊಡುವುದಿಲ್ಲ, ಬರೀ ಅದರ ಸಾಮಾನು ಕೊಡುತ್ತೇನೆ. ನಳಿಗೆ, ಮ್ಯಾಗಜೀನು, ದುರ್ಬೀನು ಇಂಥವು. ಅದಕ್ಕೂ ಕಾನೂನಿದೆಯೇ?

ಸಾಮಾನಿನ ಮೇಲೆ ಹೋಗುತ್ತದೆ. ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ 'ಬಂದೂಕು' ಅನ್ನುವ ಮಾತಿನೊಳಗೇ ಬರುತ್ತದೆ. ಬಿಡಿ ನಳಿಗೆ, ಪಿಸ್ತೂಲಿನ ಮ್ಯಾಗಜೀನು ಇವು ಬಿಡಿಭಾಗಗಳು. ಬಂದೂಕು ಕೊಡಬಾರದವರಿಗೆ ಇವನ್ನೂ ಕೊಡಬಾರದು.

45ನೇ ಸೆಕ್ಷನ್‌ನಲ್ಲಿ ಒಂದು ಸಣ್ಣ ಬಿಡುಗಡೆ ಇದೆ. ಚಿಕ್ಕಪುಟ್ಟ ಬಿಡಿಭಾಗವನ್ನು ಉಳಿದ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವೇ ಇಲ್ಲದೆ ಇಟ್ಟುಕೊಂಡಿದ್ದರೆ ಕಾಯ್ದೆ ಅದನ್ನು ಹಿಡಿಯುವುದಿಲ್ಲ. ಉದಾಹರಣೆಗೆ, ಮುರಿದ ಹಳೆ ಕುದುರೆಯೊಂದು ಅಜ್ಜನ ನೆನಪಿಗೆ ಪೆಟ್ಟಿಗೆಯಲ್ಲಿ ಉಳಿದಿದೆ ಅಂದುಕೊಳ್ಳಿ. ಆದರೆ ಗೆಳೆಯನ ಬಂದೂಕು ಕೆಟ್ಟಿದೆ, ಅದಕ್ಕೆ ಹಾಕಿಕೊಳ್ಳಲಿ ಅಂತಲೇ ಕೊಟ್ಟರೆ ಈ ಬಿಡುಗಡೆ ಸಿಗುವುದಿಲ್ಲ. 'ಬೇರೆಯವರ ಹತ್ತಿರ ಇರುವ ಭಾಗದ ಜೊತೆ ಸೇರಿಸುವುದು' ಅಂತಲೂ ಆ ಸೆಕ್ಷನ್‌ನಲ್ಲೇ ಬರೆದಿದ್ದಾರೆ.

ಹೆಗಲ ಬೆಲ್ಟು, ಚರ್ಮದ ಚೀಲ, ನಳಿಗೆ ಒರೆಸುವ ಕೋಲು, ಎಣ್ಣೆ, ಇವಕ್ಕೆ ಲೈಸೆನ್ಸ್ ಬೇಡ. ದುರ್ಬೀನು, ಅಂದರೆ ಸ್ಕೋಪು, ಆ ವ್ಯಾಖ್ಯೆಯಲ್ಲಿ ಹೆಸರಿಟ್ಟು ಬಂದಿಲ್ಲ. ಕಾಯ್ದೆ ಹೆಸರು ಹೇಳಿ ಹಿಡಿದಿರುವುದು ಸದ್ದು, ಬೆಂಕಿಯ ಮಿಂಚು ಕಡಿಮೆ ಮಾಡುವ ಸಾಮಾನನ್ನು.

ಚೀಲ ಕೊಡುವ ಮೊದಲು ಒಂದು ಕೆಲಸ ಮಾಡಿ. ತಲೆಕೆಳಗು ಮಾಡಿ ಕೊಡವಿ, ಪಕ್ಕದ ಜೇಬುಗಳಲ್ಲಿ ಬೆರಳಾಡಿಸಿ. ತೋಟಾ ಒಂದು ಹೊಲಿಗೆಯ ಸಂದಿಯಲ್ಲಿ ಕೂತಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಆ ಚೀಲ ಹೆಗಲಿಗೆ ಹಾಕಿಕೊಂಡು ನಿಮ್ಮ ಅಳಿಯ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಹೋದರೆ ಎಕ್ಸ್‌ರೇ ಪರದೆಯಲ್ಲಿ ಅದು ಕಂಡೇ ಕಾಣುತ್ತದೆ. ಅಲ್ಲಿ ಉತ್ತರ ಹೇಳಬೇಕಾದವನು ಅವನು, ಆಮೇಲೆ ನೀವು.

ಸೈಲೆನ್ಸರ್?

ಅದು ಕಾಯ್ದೆಯ ಕಣ್ಣಿಗೆ ತಾನೇ ಒಂದು ಬಂದೂಕು. ಬಂದೂಕಿನ ಜೊತೆ ಇರಲಿ, ಒಂಟಿಯಾಗಿರಲಿ. ಸಾಮಾನ್ಯ ಲೈಸೆನ್ಸ್ ಇದ್ದವರು ಅದನ್ನು ಇಟ್ಟುಕೊಳ್ಳುವ ಮಾತೇ ಇಲ್ಲ, ಕೊಡುವುದು ದೂರ ಉಳಿಯಿತು. ವಿದೇಶದ ವಿಡಿಯೋಗಳಲ್ಲಿ ಕುಟುಂಬದ ಟ್ರಸ್ಟ್ ಮಾಡಿಕೊಂಡು ಎಲ್ಲರೂ ಹಂಚಿಕೊಂಡು ಬಳಸುವುದನ್ನು ತೋರಿಸುತ್ತಾರೆ. ಅದು ಅಮೆರಿಕದ ಕಾನೂನು. ನಮ್ಮಲ್ಲಿ ಅಂಥ ದಾರಿ ಇಲ್ಲ. ವರ್ಕ್‌ಶಾಪಿನಲ್ಲಿ ಪೈಪು ಕಡೆದು ಮಾಡಿಸಿಕೊಳ್ಳುವ ಯೋಚನೆಯನ್ನಂತೂ ತಲೆಯಿಂದಲೇ ತೆಗೆದುಹಾಕಿ. ಅದು ಬಂದೂಕು ತಯಾರಿಸಿದ ಅಪರಾಧವೇ ಆಗುತ್ತದೆ.

ನಾಡಬಂದೂಕಿನ ಮದ್ದು, ಕೇಪು?

ಇವೂ ಮದ್ದುಗುಂಡಿನ ಲೆಕ್ಕವೇ. ಬಂದೂಕಿಗೆ ತುಂಬುವ ಮದ್ದು, ಅದಕ್ಕೆ ಬೇಕಾದ ಸಾಮಾನು ಎಲ್ಲವೂ ವ್ಯಾಖ್ಯೆಯಲ್ಲಿ ಬರುತ್ತವೆ.

ರಿಪೇರಿಗೆ ಆಳಿನ ಕೈಯಲ್ಲಿ ಕಳಿಸಬಹುದೇ?

ಕಳಿಸಬಹುದು. ಕಾನೂನು ಬಿಟ್ಟಿರುವ ಬಾಗಿಲು ಇದು, ಸರಿಯಾಗಿ ತಿಳಿದುಕೊಳ್ಳಿ. 3ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದವರೂ ಮೂರು ಕೆಲಸಕ್ಕೆ ಬಂದೂಕು ಒಯ್ಯಬಹುದು: ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಇಲ್ಲವೇ ನೀವು ಬಳಸುವುದಕ್ಕಾಗಿ. ಅದೂ ನೀವು ಜೊತೆಗಿರಬೇಕು, ಇಲ್ಲವೇ ನೀವು ಬರೆದುಕೊಟ್ಟ ಒಪ್ಪಿಗೆ ಪತ್ರ ಅವರ ಹತ್ತಿರ ಇರಬೇಕು.

ಪತ್ರದಲ್ಲಿ ಬಂದೂಕಿನ ನಂಬರು, ಲೈಸೆನ್ಸ್ ನಂಬರು, ಒಯ್ಯುವವರ ಪೂರ್ತಿ ಹೆಸರು, ಯಾವ ಅಂಗಡಿಗೆ, ಯಾವ ದಿನ, ಯಾತಕ್ಕೆ ಅಂತ ಬರೆದು ಸಹಿ ಹಾಕಿ. ಲೈಸೆನ್ಸ್ ಪುಸ್ತಕದ ಜೆರಾಕ್ಸ್ ಜೊತೆಗಿಡಿ. ತೋಟಾ ಕಳಿಸಬೇಡಿ. ರಿಪೇರಿ ಅಂಗಡಿಗೂ ಲೈಸೆನ್ಸ್ ಇರಬೇಕು, ಊರ ಕಮ್ಮಾರರ ಹತ್ತಿರ ಕಳಿಸಿದರೆ ಅವರನ್ನೂ ಸಿಕ್ಕಿಸಿದಂತೆ. ಬಂದೂಕು ಪೂರ್ತಿ ಮುಚ್ಚುವ ಚೀಲದಲ್ಲಿ ಹೋಗಬೇಕು. 2016ರ ನಿಯಮಗಳು ಸಾರ್ವಜನಿಕ ಜಾಗದಲ್ಲಿ ಅದನ್ನು ಹಾಗೆಯೇ ಒಯ್ಯಬೇಕು ಅನ್ನುತ್ತವೆ.

ಇದು 'ಒಯ್ಯುವ' ಒಪ್ಪಿಗೆ ಮಾತ್ರ. ಹಾದಿಯಲ್ಲಿ ಹೊಲಕ್ಕೆ ಇಳಿದು ಒಂದು ಗುಂಡು ಹಾರಿಸಿದರೆ ಪತ್ರ ಕೆಲಸಕ್ಕೆ ಬರುವುದಿಲ್ಲ.

ಮನೆಯಲ್ಲಿ ಹೆಂಡತಿ, ಮಗ ಇದ್ದಾರೆ. ನಾನು ಊರಿಗೆ ಹೋದಾಗ ಬಂದೂಕು ಅವರ ಹತ್ತಿರವೇ ಇದ್ದಂತಾಗುತ್ತದೆಯೇ?

ಒಳ್ಳೆಯ ಪ್ರಶ್ನೆ, ಯಾರೂ ಕೇಳುವುದಿಲ್ಲ. 'ಹತ್ತಿರ ಇರುವುದು' ಅಂದರೆ ಕೈಯಲ್ಲಿ ಹಿಡಿದಿರಲೇಬೇಕು ಅಂತಿಲ್ಲ. 1972ರಲ್ಲಿ ಗುಣವಂತಲಾಲ್ ಎಂಬುವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಆ ವಸ್ತು ಇದೆ ಅಂತ ಗೊತ್ತಿದ್ದು, ಅದರ ಮೇಲೆ ಹಿಡಿತವೂ ಇದ್ದರೆ ಅದು ಅವರ ವಶದಲ್ಲಿದೆ ಅಂತಲೇ ಅರ್ಥ.

ಹಾಗಾಗಿ ಕೀಲಿಕೈ ಯಾರ ಹತ್ತಿರ ಅನ್ನೋದು ದೊಡ್ಡ ಮಾತು. ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ದೇವರ ಜಗಲಿಯ ಮೇಲೆ ಇಟ್ಟು ಹೋಗುತ್ತೇವಲ್ಲ, ಅದು ಬೀಗ ಹಾಕದ ಹಾಗೆಯೇ. ಕೀಲಿ ನಿಮ್ಮ ಜೊತೆ ಇರಲಿ. ತೋಟಾ ಬೇರೆ ಕಡೆ, ಬೇರೆ ಬೀಗದಲ್ಲಿರಲಿ. ತಿಂಗಳುಗಟ್ಟಲೆ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗುವವರಾದರೆ ಠಾಣೆಯಲ್ಲಿ ಇಲ್ಲವೇ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಠೇವಣಿ ಇಡುವ ಬಗ್ಗೆ ಕೇಳಿ. ಮನೆಯವರಿಗೆ ನೆಮ್ಮದಿ.

ತೋಟದ ಕಾವಲುಗಾರನಿಗೆ ಕೊಡಬಹುದೇ?

ಅವನ ಹೆಸರು ನಿಮ್ಮ ಲೈಸೆನ್ಸ್‌ನಲ್ಲಿ ರಿಟೇನರ್, ಅಂದರೆ ನಿಮ್ಮ ಪರವಾಗಿ ಬಂದೂಕು ಹಿಡಿಯುವ ಆಳು, ಅಂತ ನಮೂದಾಗಿದ್ದರೆ ಮಾತ್ರ. ಲೈಸೆನ್ಸ್‌ನ ಷರತ್ತೇ ಹಾಗಿದೆ: ಅದರಲ್ಲಿ ಹೆಸರಿರುವ ವ್ಯಕ್ತಿ, ಅದರಲ್ಲಿ ಬರೆದ ಬಂದೂಕು, ಕಾಲಮ್ಮಿನಲ್ಲಿ ಬರೆದ ರಿಟೇನರ್, ಇಷ್ಟಕ್ಕೇ ಅದು ಅನ್ವಯ. ಹೆಸರು ಸೇರಿಸುವ ಅಧಿಕಾರ ಲೈಸೆನ್ಸ್ ಕೊಟ್ಟವರದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಪೊಲೀಸ್ ಕಮಿಷನರೇಟ್ ಇಲ್ಲ, ಆದ್ದರಿಂದ ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಕೆಲಸ ಬಿಟ್ಟುಹೋದ ಹಳೆಯ ಆಳಿನ ಹೆಸರು ಪುಸ್ತಕದಲ್ಲಿ ಉಳಿದಿದ್ದರೆ ತೆಗೆಸಿ. ಅವನ ಹೆಸರಿನಲ್ಲಿ ಹೊಸಬ ಓಡಾಡುವುದು ಬೇಡ.

ಬೆಳೆ ಕಾಯುವ ಲೈಸೆನ್ಸ್ ಇದೆ. ಊರಿನ ಎಲ್ಲರ ಹೊಲ ಕಾಯಲು ಆ ಬಂದೂಕು ಬಳಸಬಹುದಲ್ವಾ?

ಆ ಲೈಸೆನ್ಸ್ ನಿಮಗೆ, ನಿಮ್ಮ ಬೆಳೆಗೆ. ಜೊತೆಗೆ ಅದು ಪ್ರಾಣಿ ಕೊಲ್ಲುವ ಪರವಾನಗಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಇದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಅದರ 2ನೇ ಪಟ್ಟಿಯಲ್ಲಿದೆ. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲೂ ಅರಣ್ಯ ಇಲಾಖೆಯ ಅಧಿಕಾರಿ ಬರೆದುಕೊಟ್ಟ ಅನುಮತಿ ಬೇಕು. ಯಲಬುರ್ಗಾ, ಕುಕನೂರು ಕಡೆ ಹೊಲಕ್ಕಿಳಿಯುವ ಚಿಗರೆ, ದರೋಜಿ ಸುತ್ತಲಿನ ಕರಡಿ, ಎಲ್ಲ ಕಡೆಯ ನವಿಲು 1ನೇ ಪಟ್ಟಿಯಲ್ಲಿವೆ. ಅವನ್ನು ಹೊಡೆದರೆ 3ರಿಂದ 7 ವರ್ಷ ಜೈಲು.

ಎರವಲು ಬಂದೂಕಿನಿಂದ ಚಿಗರೆ ಬಿದ್ದರೆ ಎರಡು ಕಾಯ್ದೆಯ ಕೇಸು ಒಟ್ಟಿಗೇ ಬೀಳುತ್ತದೆ. ಬಂದೂಕಿನ ನಂಬರು ಹಿಡಿದು ಬರುವವರು ಮೊದಲು ತಟ್ಟುವುದು ನಿಮ್ಮ ಮನೆ ಬಾಗಿಲನ್ನೇ.

ಚಿರತೆಯೋ ಕರಡಿಯೋ ಮೈಮೇಲೆ ಬಿತ್ತು. ಆಗ ಪಕ್ಕದಲ್ಲಿದ್ದವನು ನನ್ನ ಬಂದೂಕು ಎತ್ತಿ ಹೊಡೆದರೆ?

ಜೀವ ಮೊದಲು. ತನ್ನ ಇಲ್ಲವೇ ಇನ್ನೊಬ್ಬರ ಜೀವ ಉಳಿಸಲು ಒಳ್ಳೆಯ ಉದ್ದೇಶದಿಂದ ಕೊಂದರೆ ಅದು ಅಪರಾಧವಲ್ಲ ಅಂತ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಆದರೆ ಆ ಹೊತ್ತಿಗೆ ಅವರು ಬೇಟೆಯಂಥ ತಪ್ಪಿನಲ್ಲಿ ತೊಡಗಿರಬಾರದು. ಬಂದೂಕು ಅವರ ಕೈಗೆ ಹೇಗೆ ಬಂತು ಅನ್ನುವ ಪ್ರಶ್ನೆ ಬೇರೆಯಾಗಿ ಬರುತ್ತದೆ. ಕೂಡಲೇ ಠಾಣೆಗೂ ಅರಣ್ಯದವರಿಗೂ ಫೋನ್ ಮಾಡಿ, ನಡೆದದ್ದನ್ನು ನಡೆದ ಹಾಗೆ ಹೇಳಿ. ಬಂದೂಕು ಬಚ್ಚಿಡಬೇಡಿ. ಎರಡು ತಾಸು ತಡವಾದರೂ ಕಥೆ ಬದಲಾಗಿ ಕಾಣುತ್ತದೆ.

ಆಯುಧ ಪೂಜೆಗೆ ಹೊರಗಿಟ್ಟಾಗ ಹುಡುಗರು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಮದುವೆಯಲ್ಲಿ ಒಂದು ಗುಂಡು ಹಾರಿಸುತ್ತಾರೆ.

ಪೂಜೆ ಮಾಡಿ, ಕುಂಕುಮ ಹಚ್ಚಿ, ತೋಟಾ ಇಲ್ಲದೆ ಇಡಿ. ಪೂಜೆ ಮುಗಿದ ಕೂಡಲೇ ಒಳಗಿಡಿ. 21 ವರ್ಷ ತುಂಬದವರ ವಶಕ್ಕೆ ಬಂದೂಕು ಹೋಗುವಂತಿಲ್ಲ ಅಂತ 9ನೇ ಸೆಕ್ಷನ್ ಇದೆ. ಶೂಟಿಂಗ್ ತರಬೇತಿಗೆ ಬೇರೆ ನಿಯಮಗಳಿವೆ, ಅದನ್ನು ಮಾನ್ಯತೆ ಇರುವ ಕ್ಲಬ್ಬಿನಲ್ಲೇ ಕಲಿಯಬೇಕು. ಮೊಬೈಲಿನಲ್ಲಿ ಸ್ಟೇಟಸ್ ಹಾಕಿದ ಹತ್ತೊಂಬತ್ತರ ಹುಡುಗನ ಫೋಟೊವೇ ಅವನ ಮೇಲೂ, ಅವನಪ್ಪನ ಮೇಲೂ ಸಾಕ್ಷಿಯಾಗುತ್ತದೆ.

ಮದುವೆ, ಮೆರವಣಿಗೆಯಲ್ಲಿ ಗುಂಡು ಹಾರಿಸುವುದನ್ನು 2019ರಲ್ಲಿ ಬೇರೆಯೇ ಅಪರಾಧ ಮಾಡಿದ್ದಾರೆ. 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಜಾತ್ರೆಗೆ ಬಂದೂಕು ಒಯ್ಯುವುದನ್ನೂ ಲೈಸೆನ್ಸ್ ಷರತ್ತು ತಡೆಯುತ್ತದೆ. ಗವಿಮಠದ ಜಾತ್ರೆಯ ಜನಸಾಗರ ನೆನೆಸಿಕೊಂಡರೆ ಇದು ಯಾಕೆ ಅಂತ ಹೇಳಬೇಕಾಗಿಲ್ಲ.

ಏರ್‌ಗನ್ ಕೊಡಬಹುದೇ?

4.5 ಮಿಲಿಮೀಟರ್ ಬೋರಿನೊಳಗೆ, 20 ಜೌಲ್ ಶಕ್ತಿಯೊಳಗೆ ಇದ್ದರೆ ಲೈಸೆನ್ಸ್ ಬೇಡ, ಹಾಗಾಗಿ ಎರವಲಿನ ತೊಡಕೂ ಇಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಮೇಲಿನ ಮಾತೆಲ್ಲ ಅನ್ವಯ. ಹಕ್ಕಿ ಹೊಡೆಯಲು ಯಾವುದರಲ್ಲೂ ಅವಕಾಶವಿಲ್ಲ.

ಬೀಗರು ಕೊಡಗಿನವರು. ಅವರ ಕೋವಿಗೆ ಲೈಸೆನ್ಸೇ ಬೇಡವಂತೆ. ಇಲ್ಲಿಗೆ ತಂದು ನನಗೆ ಕೊಡಬಹುದೇ?

ಬೇಡ. ಆ ವಿನಾಯಿತಿ ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಸಿಕ್ಕಿರುವುದು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ನಿಮಗೆ ಅದು ಬರುವುದಿಲ್ಲ.

ಅಪ್ಪನಿಗೆ ವಯಸ್ಸಾಯಿತು, ಕಣ್ಣು ಮಂಜು. ಅವರ ಹೆಸರಲ್ಲೇ ಇಟ್ಟುಕೊಂಡು ನಾನು ಬಳಸಬಹುದೇ?

ಹಾಗೆ ಬಳಸುವಂತಿಲ್ಲ, ಆದರೆ ನೇರ ದಾರಿ ಇದೆ. 2016ರ ನಿಯಮ 25ರ ಪ್ರಕಾರ ಲೈಸೆನ್ಸ್ ಇದ್ದವರಿಗೆ 70 ವರ್ಷ ತುಂಬಿದರೆ, ಇಲ್ಲವೇ ಆ ಬಂದೂಕು ಅವರ ಹತ್ತಿರ 25 ವರ್ಷ ಇದ್ದರೆ, ಯಾವುದು ಮೊದಲೋ ಆಗ ಅವರು ವಾರಸುದಾರರೊಬ್ಬರ ಹೆಸರು ಸೂಚಿಸಬಹುದು. ಆ ವಾರಸುದಾರರು ಅರ್ಜಿ ಹಾಕಿ ತಮ್ಮ ಹೆಸರಿಗೆ ಲೈಸೆನ್ಸ್ ಪಡೆಯಬಹುದು. ಅಪ್ಪ ಇರುವಾಗಲೇ ಈ ಕೆಲಸ ಮುಗಿಸಿ.

ಅವರು ತೀರಿಕೊಂಡ ಮೇಲಾದರೆ ಬಂದೂಕನ್ನು ತಡ ಮಾಡದೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ ರಸೀದಿ ತಗೊಳ್ಳಬೇಕು. ಅದು 21ನೇ ಸೆಕ್ಷನ್. ದಿನ, ತಿಥಿ ಗಲಾಟೆಯಲ್ಲಿ ಮರೆತು, ವರ್ಷಗಟ್ಟಲೆ ಅಟ್ಟದ ಮೇಲೆ ಬಿಟ್ಟವರು ನಮ್ಮ ಕಡೆ ಬಹಳ ಜನ. ನಿಜಾಮರ ಕಾಲದ ಅಜ್ಜನ ಬಂದೂಕು ಅಂತ ಹೇಳಿದರೆ ಆಗುವುದಿಲ್ಲ. ರಿಪೇರಿ ಮಾಡಿದರೂ ಗುಂಡು ಹಾರದಷ್ಟು ಕೆಟ್ಟಿದ್ದರೆ ಮಾತ್ರ ಕಾಯ್ದೆ ಬಿಡುತ್ತದೆ.

ಚುನಾವಣೆಗೆ ಠಾಣೆಯಲ್ಲಿ ಇಟ್ಟದ್ದನ್ನು ತರಲು ತಮ್ಮನನ್ನು ಕಳಿಸಬಹುದೇ?

ನೀವೇ ಹೋಗಿ. ರಸೀದಿ, ಲೈಸೆನ್ಸ್ ಪುಸ್ತಕ ಒಯ್ಯಿರಿ, ನಂಬರು ಓದಿ ಹೊಂದಿಸಿಕೊಂಡು ತನ್ನಿ.

ಮನೆಗೆ ಬಂದು ಕೇಳುತ್ತಾರೆ. ಬೇಜಾರಾಗದಂತೆ ಇಲ್ಲ ಅನ್ನೋದು ಹೇಗೆ?

ಇದು ಕಾನೂನಿನ ಪ್ರಶ್ನೆ ಅಲ್ಲ, ಆದರೆ ಎಲ್ಲರಿಗೂ ಕಷ್ಟವಾಗುವುದು ಇದೇ. ಸುಳ್ಳು ಹೇಳಬೇಡಿ. 'ಕೆಟ್ಟಿದೆ' ಅಂದರೆ ರಿಪೇರಿ ಆದಮೇಲೆ ಬರುತ್ತಾರೆ. "ಕೊಟ್ಟರೆ ನಿನಗೆ ಎರಡು ವರ್ಷ ಒಳಗೆ" ಅಂತ ನೇರವಾಗಿ ಹೇಳಿ. ಅವರ ಕಷ್ಟವನ್ನು ಮಾತ್ರ ತಳ್ಳಿಹಾಕಬೇಡಿ. ಒಂದು ರಾತ್ರಿಯಲ್ಲಿ ಅರ್ಧ ಎಕರೆ ಶೇಂಗಾ ಉತ್ತು ಹಾಕಿದಂತಾಗಿರುತ್ತದೆ. ಬೆಳೆ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಬೆಳಿಗ್ಗೆಯೇ ಮೊಬೈಲಿನಲ್ಲಿ ಫೋಟೊ ತೆಗೆದು, ಪಹಣಿ ಜೊತೆ ಅರ್ಜಿ ಬರೆಯಲು ಕೈ ಜೋಡಿಸಿ.

ನಮ್ಮಪ್ಪ ಈಗ ಹೇಳುವುದು ಒಂದೇ ಮಾತು: "ಬಂದೂಕು ಇಲ್ಲೋ ತಮ್ಮಾ, ನಾನ ಬರ್ತೀನಿ ನಡಿ." ಎಪ್ಪತ್ನಾಲ್ಕರ ವಯಸ್ಸಿನಲ್ಲಿ ಕಂಬಳಿ ಹೊದ್ದು, ಬ್ಯಾಟರಿ ಹಿಡಿದು, ಖಾಲಿ ಎಣ್ಣೆ ಡಬ್ಬಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗುತ್ತಾರೆ. ಮಂಚಿಕೆಯ ಮೇಲೆ ಇಬ್ಬರೂ ಬೆಳಗಿನವರೆಗೆ ಡಬ್ಬಿ ಬಡಿಯುತ್ತಾರೆ. ಹೋದ ಹಂಗಾಮಿನಲ್ಲಿ ಮೂರನೇ ರಾತ್ರಿ, ಮಾತು ಬಿಟ್ಟಿದ್ದ ಪಕ್ಕದ ಮನೆಯವರೂ ತಮ್ಮ ಡಬ್ಬಿ ತಗೊಂಡು ಬಂದು ಕೂತರಂತೆ.